ಗ್ಯಾರೇಜಿಗೂ ಒಂದು ರಾಗ

ಕಳೆದ ಭಾನುವಾರ ಮಳೆ ಬಿಡದೆ ಹೊಯ್ಯುತ್ತಿತ್ತು. ಒಗೆದ ಬಟ್ಟೆಯೆಲ್ಲ ನಡುಮನೆಯ ಹಗ್ಗದ ಮೇಲೆ. ಅದರ ಕೆಳಗೇ ಕುಳಿತು ಅಮ್ಮನಿಗೆ ನನ್ನ ಅಚ್ಚುಮೆಚ್ಚಿನ ಫ್ರೆಂಚ್ ಸಿನಿಮಾ ತೋರಿಸಿದೆ: ‘ದಿ ಅಂಬ್ರೆಲಾಸ್ ಆಫ್ ಶೆರ್ಬೂರ್’. 1964ರದ್ದು, ಜಾಕ್ ಡೆಮಿ ನಿರ್ದೇಶನ. ನನಗದು ನಾಲ್ಕನೆಯ ಸಲ. ನಾನು ಶಿಫಾರಸು ಮಾಡಿದ ಗೆಳೆಯರಲ್ಲಿ ಹೆಚ್ಚಿನವರು ಹತ್ತು ನಿಮಿಷಕ್ಕೇ ಎದ್ದು ಹೋಗಿದ್ದಾರೆ. ಹಾಗಾಗಿ ಅಮ್ಮನ ಮೇಲೂ ನನಗೆ ಭರವಸೆ ಇರಲಿಲ್ಲ.

ಮೊದಲು ಶೆರ್ಬೂರಿನ ಬಂದರು ಕಾಣುತ್ತದೆ. ಆಮೇಲೆ ಕ್ಯಾಮೆರಾ ತಲೆ ತಗ್ಗಿಸಿ ನೆಟ್ಟಗೆ ನೆಲವನ್ನು ನೋಡುತ್ತದೆ. ಕಲ್ಲು ಹಾಸಿದ ಬೀದಿ, ಮಳೆ. ಮನುಷ್ಯರ ಮುಖಗಳೇ ಇಲ್ಲ, ಬರೀ ಕೊಡೆಗಳ ನೆತ್ತಿ. ಒಂದೊಂದೂ ಒಂದೊಂದು ಬಣ್ಣ, ಒಂದೊಂದು ದಿಕ್ಕು. ನಾನಂತೂ ಮೊದಲ ಸಲ ಅಲ್ಲಿಯೇ ಮರುಳಾಗಿದ್ದೆ.

ಮುಂದಿನದು ಗ್ಯಾರೇಜು. ಗಾಡಿಯ ಕೆಲಸ ಮುಗಿಯಿತೇ ಎಂದು ಗಿರಾಕಿ ಕೇಳುತ್ತಾನೆ. ತಣ್ಣಗಿದ್ದಾಗ ಎಂಜಿನ್ ಸ್ವಲ್ಪ ಸದ್ದು ಮಾಡುತ್ತದೆ, ಅದು ಸಹಜ ಎಂದು ಮೆಕ್ಯಾನಿಕ್ ಗೀ ಉತ್ತರಿಸುತ್ತಾನೆ. ಇಷ್ಟೂ ಹಾಡಿನಲ್ಲಿ! ಇಡೀ ಸಿನಿಮಾದಲ್ಲಿ ಯಾರೂ ಬರಿಮಾತು ಆಡುವುದಿಲ್ಲ, ಪ್ರತಿ ಸಾಲೂ ಮಿಶೆಲ್ ಲೆಗ್ರಾನ್ ಅವರ ಸಂಗೀತಕ್ಕೆ ಕೂಡಿಸಿದ್ದು. ಎಲ್ಲರೂ ಹಾಡುತ್ತಲೇ ಇರುವ ಆಪೆರಾ ತನಗೆ ಆಗದು, ಸಿನಿಮಾವೇ ವಾಸಿ ಎಂದು ಗೀಯ ಜೊತೆ ಕೆಲಸ ಮಾಡುವವನೊಬ್ಬ ಹೇಳುತ್ತಾನೆ. ಅದನ್ನೂ ಹಾಡಿಯೇ ಹೇಳುತ್ತಾನೆ.

ಅಮ್ಮ ಕುಂದಾಪುರದ ಕಡೆಯವಳು, ಯಕ್ಷಗಾನದ ನಾಡಿನವಳು. “ಭಾಗವತರ ಪದ ಮುಗಿದ ಮೇಲೆ ವೇಷಧಾರಿ ಅರ್ಥ ಹೇಳಬೇಕಲ್ಲವೇನೇ? ಇಲ್ಲಿ ಬರೀ ಪದವೇ?” ಎಂದಳು. ಹೌದಮ್ಮ, ಬರೀ ಪದವೇ. ಹಾಡುಗಳನ್ನು ಮೊದಲೇ ಧ್ವನಿಮುದ್ರಿಸಿ, ಚಿತ್ರೀಕರಣದಲ್ಲಿ ನಟರು ತುಟಿ ಕೂಡಿಸಿದ್ದು. ನಾಯಕಿ ಕ್ಯಾಥರಿನ್ ಡನೋವ್‌ಗೆ ಹಾಡಿದವರು ದಾನಿಯೆಲ್ ಲಿಕಾರಿ. ಹಿನ್ನೆಲೆ ಗಾಯನದಲ್ಲೇ ಬೆಳೆದ ನಮಗೆ ಇದನ್ನು ಒಪ್ಪಿಕೊಳ್ಳಲು ಯಾವ ಕಷ್ಟವೂ ಇರಬಾರದು. ಆ ಗೆಳೆಯರು ಯಾಕೆ ಎದ್ದು ಹೋದರೋ!

ಇನ್ನು ಬಣ್ಣ. ಇದನ್ನು ಸಂಕ್ರಾಂತಿಯ ಸಕ್ಕರೆ ಅಚ್ಚಿನಂಥ ಸಿನಿಮಾ ಎನ್ನುವವರಿದ್ದಾರೆ. ನನ್ನ ತಕರಾರು ಅವರೊಂದಿಗೇ. ಕಲಾ ನಿರ್ದೇಶಕ ಬರ್ನಾರ್ ಎವೆನ್ ಗೋಡೆಗಳಿಗೆ ಎದ್ದು ಹೊಡೆಯುವ ಬಣ್ಣದ ಕಾಗದ ಅಂಟಿಸಿದರು, ಪಾತ್ರಗಳ ಉಡುಪನ್ನು ವಸ್ತ್ರವಿನ್ಯಾಸಕಿ ಜಾಕ್ಲೀನ್ ಮೊರೋ ಆ ಗೋಡೆಗಳೊಂದಿಗೆ ಮಾತಾಡುವಂತೆ ಹೊಂದಿಸಿದರು. “ಬ್ಲೌಸಿಗೆ ಮ್ಯಾಚಿಂಗ್ ನೋಡಿದ್ದೇನೆ, ಗೋಡೆಗೂ ಮ್ಯಾಚಿಂಗೇ?” ಎಂದು ಅಮ್ಮ ನಕ್ಕಳು. ಆದರೆ ಆ ಗೋಡೆಗಳ ನಡುವೆ ನಡೆಯುವುದೇನು? ಕೊಡೆ ಅಂಗಡಿಯ ಹುಡುಗಿ ಜೆನ್ವಿಯೆವ್‌ಗೆ ಗೀಯ ಮೇಲೆ ಪ್ರೀತಿ. ಅವನಿಗೆ ಸೈನ್ಯದ ಕರೆ ಬರುತ್ತದೆ, ಎರಡು ವರ್ಷ ಅಲ್ಜೀರಿಯಾದ ಯುದ್ಧ. ಇವಳು ಬಸುರಿ. ಕಾಗದಗಳು ಅಪರೂಪವಾಗುತ್ತವೆ. ಅಂಗಡಿಯ ಬಾಕಿ ತೀರಿಸಲು ತಾಯಿ ಮುತ್ತಿನ ಸರ ಮಾರಲು ಹೋಗುತ್ತಾಳೆ, ಅಲ್ಲಿ ರೋಲಾನ್ ಎಂಬ ವಜ್ರದ ವ್ಯಾಪಾರಿಯ ಪರಿಚಯವಾಗುತ್ತದೆ. ಕೊನೆಗೆ ಜೆನ್ವಿಯೆವ್ ಅವನನ್ನೇ ಮದುವೆಯಾಗುತ್ತಾಳೆ. ಅವನು ಒಳ್ಳೆಯವನೇ. ಕಷ್ಟ ಇರುವುದೂ ಅಲ್ಲೇ. ಬೈಯಲು ಈ ಕಥೆಯಲ್ಲಿ ಒಬ್ಬ ಖಳನೂ ಸಿಗುವುದಿಲ್ಲ.

ಒಂದು ದೃಶ್ಯದಲ್ಲಿ ಜೆನ್ವಿಯೆವ್ ತೊಟ್ಟ ಬಸುರಿಯ ಉಡುಪಿನ ಹೂಗಳೂ ಹಿಂದಿನ ಗೋಡೆಯ ಹೂಗಳೂ ಒಂದಕ್ಕೊಂದು ಬೆರೆತುಹೋಗುತ್ತವೆ. ಅಮ್ಮನ ನಗು ಅಲ್ಲಿ ನಿಂತಿತು. “ಹುಡುಗಿ ಗೋಡೆಯೊಳಗೇ ಸೇರಿಹೋದಳಲ್ಲೇ” ಎಂದಳು. ನಾಲ್ಕು ಸಲ ನೋಡಿದ ನನಗೆ ಇದು ಹೊಳೆದಿರಲಿಲ್ಲ. ಬರೀ ಚಂದವಾಗಿದೆ ಎಂದುಕೊಂಡಿದ್ದೆ.

ಡೆಮಿಯ ತಂದೆ ನಾಂತ್‌ನಲ್ಲಿ ಗ್ಯಾರೇಜು ನಡೆಸುತ್ತಿದ್ದರು. ಗ್ರೀಸು ಮೆತ್ತಿದ ಕೈಗೂ, ಸಾಲದ ಚಿಂತೆಗೂ, ಗೀಯ ಹಾಸಿಗೆ ಹಿಡಿದ ಅತ್ತೆಗೂ ರಾಗ ಸಲ್ಲುತ್ತದೆ ಎಂದು ಅವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಬಣ್ಣವೂ ಹಾಗೆಯೇ. ಅದು ಸಂಕಟವನ್ನು ಮುಚ್ಚುವ ಹೊದಿಕೆಯಲ್ಲ, ಅಂಥ ಸಾಧಾರಣ ಬದುಕಿಗೆ ಕೊಟ್ಟ ಮರ್ಯಾದೆ.

ಈ ಬಣ್ಣ ಉಳಿದದ್ದೇ ದೊಡ್ಡದು. ಆ ಕಾಲದ ಈಸ್ಟ್‌ಮನ್ ಕಲರ್ ನೆಗೆಟಿವ್‌ಗಳು ವರ್ಷ ಕಳೆದಂತೆ ಮಂಕಾಗುತ್ತಿದ್ದವು, ಇದರ ಪ್ರತಿಗಳೂ ಹಾಗೇ ಆದವು. ಪುಣ್ಯಕ್ಕೆ ಕೆಂಪು, ಹಸಿರು, ನೀಲಿಯ ಪಾಲನ್ನು ಬೇರೆಬೇರೆಯಾಗಿ ಮೂರು ಕಪ್ಪು-ಬಿಳುಪು ಸುರುಳಿಗಳಲ್ಲಿ ತೆಗೆದಿಟ್ಟಿದ್ದರು. ಡೆಮಿ 1990ರಲ್ಲಿ ತೀರಿಕೊಂಡರು. ಆ ದಶಕದಲ್ಲೇ ಅವರ ಪತ್ನಿ, ಸ್ವತಃ ದೊಡ್ಡ ನಿರ್ದೇಶಕಿಯಾದ ಆನ್ಯೆಸ್ ವಾರ್ದಾ ಮುಂದೆ ನಿಂತು ಆ ಸುರುಳಿಗಳಿಂದ ಬಣ್ಣಗಳನ್ನು ಮತ್ತೆ ಕೂಡಿಸಿದರು. ಕಪ್ಪು-ಬಿಳುಪಿನಲ್ಲಿ ಬಚ್ಚಿಟ್ಟ ಬಣ್ಣ! ಈ ಸಂಗತಿ ನನಗೆ ಕಥೆಯಷ್ಟೇ ಇಷ್ಟ.

ಕೊನೆಯದನ್ನು ಹೇಳಿಬಿಡುತ್ತೇನೆ, ಅರವತ್ತು ವರ್ಷ ದಾಟಿದ ಸಿನಿಮಾಕ್ಕೆ ಗುಟ್ಟೇನು? 1963ರ ಡಿಸೆಂಬರ್, ಹಿಮ ಬೀಳುತ್ತಿದೆ. ಗೀಗೆ ಈಗ ಸ್ವಂತ ಪೆಟ್ರೋಲ್ ಬಂಕ್, ಹೆಂಡತಿ, ಮಗ. ಅಲ್ಲಿಗೊಂದು ದುಬಾರಿ ಕಾರು ಬಂದು ನಿಲ್ಲುತ್ತದೆ. ಒಳಗೆ ಜೆನ್ವಿಯೆವ್, ಪಕ್ಕದಲ್ಲಿ ಅವನದೇ ಮಗಳು. ಗೀಯೂ ಜೆನ್ವಿಯೆವ್‌ಳೂ ಬಂಕಿನ ಕಚೇರಿಯಲ್ಲಿ ಎದುರುಬದುರು ನಿಂತಿರುವಾಗ ಕೆಲಸದ ಹುಡುಗ ಬಾಗಿಲಲ್ಲಿ ನಿಂತು ಕೇಳುತ್ತಾನೆ: ಸೂಪರ್ರೋ, ಸಾಧಾರಣದ್ದೋ? ನಾನು ಪ್ರತಿ ಸಲ ಅಳುವುದು ಈ ಪ್ರಶ್ನೆಗೇ. ಮಗಳನ್ನು ನೋಡುತ್ತೀಯಾ ಎಂದು ಅವಳು ಕೇಳುತ್ತಾಳೆ. ಅವನು ತಲೆಯಾಡಿಸಿ ಬೇಡ ಎನ್ನುತ್ತಾನೆ. ಕಾರು ಹೊರಟುಹೋಗುತ್ತದೆ.

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎದ್ದು ಹಗ್ಗದ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, “ಪೆಟ್ರೋಲಿನ ದುಡ್ಡು ಕೊಟ್ಟಳೇನೇ ಅವಳು?” ಎಂದು ಕೇಳಿದಳು. ಹಿಂದಕ್ಕೆ ಓಡಿಸಿ ನೋಡುವ ಧೈರ್ಯ ನನಗಾಗಲಿಲ್ಲ.