ಯಾರ್ಲೇ ಬಿಲ್ಲು ಮುರಿದಿದ್ದು?

1997ರ ಬೇಸಿಗೆ ರಜೆ. ಬಳ್ಳಾರಿಯ ಸೋದರಮಾವನ ಮನೆಯಲ್ಲಿ ನಾವು ಏಳು ಜನ ಮಕ್ಕಳು. ಬಿಸಿಲಿಗೆ ಹೊರಗೆ ಕಾಲಿಡೋ ಹಾಗಿಲ್ಲ, ನಾವು ಒಳಗಿದ್ದರೆ ಮನೆ ಉಳಿಯೋ ಹಾಗಿಲ್ಲ. ಕೊನೆಗೆ ಮಾವ ಎಲ್ಲರನ್ನೂ ಟಾಕೀಸಿಗೆ ಅಟ್ಟಿದರು. ತೆಲುಗಿನ 'ರಾಮಾಯಣಂ'. ತೆಲುಗು ಬರುತ್ತಾ ಅಂತ ಬಳ್ಳಾರಿಯಲ್ಲಿ ಯಾರೂ ಯಾರನ್ನೂ ಕೇಳಲ್ಲ ಬಿಡಿ.

ಗುಣಶೇಖರ್ ನಿರ್ದೇಶನದ ಆ ಚಿತ್ರದಲ್ಲಿ ರಾಮನೂ ಹುಡುಗ, ರಾವಣನೂ ಹುಡುಗ, ಗಡ್ಡದ ಋಷಿಗಳೂ ಹುಡುಗರೇ. ಮೊದಲ ಹತ್ತು ನಿಮಿಷ ಬಿದ್ದುಬಿದ್ದು ನಕ್ಕೆವು. ಆಮೇಲೆ ಗಡ್ಡದ ಹಿಂದೆ ನಮ್ಮ ವಯಸ್ಸಿನವನೇ ಇದ್ದಾನೆ ಅನ್ನೋದು ಮರೆತೇಹೋಯಿತು. ರಾಮ ಆಗಿದ್ದು ಇನ್ನೂ 14 ತುಂಬದ ಜೂನಿಯರ್ ಎನ್‌ಟಿಆರ್. ಅವರ ಅಮ್ಮ ಕುಂದಾಪುರದ ಕಡೆಯವರು ಅಂತ ಆಗಲೇ ಗೊತ್ತಿದ್ದಿದ್ದರೆ ಇನ್ನೂ ಜಾಸ್ತಿ ಶಿಳ್ಳೆ ಹೊಡೀತಿದ್ದೆವು. ಅತ್ಯುತ್ತಮ ಮಕ್ಕಳ ಚಿತ್ರ ಅಂತ ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಅದೆಲ್ಲ ಇರಲಿ. ಮನೆಗೆ ಬರುವಾಗ ನಮ್ಮ ತಲೆಯಲ್ಲಿ ಇದ್ದಿದ್ದು ಒಂದೇ. ಅವರಿಗಿಂತ ನಮ್ಮಲ್ಲೇನು ಕಡಿಮೆ?

ಮರುದಿನ ಸಂಜೆ ಮಾಳಿಗೆ ಮೇಲೆ ಸೀತಾ ಸ್ವಯಂವರ. ಒಣಹಾಕಿದ್ದ ಸಂಡಿಗೆ ಪಕ್ಕಕ್ಕೆ ಸರಿಸಿ, ಸ್ವಲ್ಪ ಬಾಯಿಗೂ ಸರಿಸಿ, ಸಭೆ ಸಿದ್ಧ ಮಾಡಿದೆವು. ನಾನು ಜನಕ ಮಹಾರಾಜ. ಹರಿದ ಗಾದಿಯ ಹತ್ತಿ ತೆಗೆದು, ಮೈದಾ ಅಂಟು ಕಲಸಿ ನನ್ನ ಮುಖಕ್ಕೆ ಗಡ್ಡ ಮೀಸೆ ಮೆತ್ತಿದರು. ಮೇಕಪ್ಪು ಮಾಡಿದ ಅಕ್ಕನಿಗೆ ಕೈ ಧಾರಾಳ. ಆ ಸೆಕೆಗೆ ಅದು ಐದೇ ನಿಮಿಷದಲ್ಲಿ ಒಣಗಿ ಹಪ್ಪಳದ ಹಾಗೆ ಬಿಗಿಯಿತು. ತುಟಿ ಎರಡೂ ಒಂದಾದವು. ಸ್ವಯಂವರದ ಷರತ್ತನ್ನು ನಾನು ಕೈಸನ್ನೆಯಲ್ಲೇ ಘೋಷಿಸಬೇಕಾಯಿತು.

ಶಿವಧನುಸ್ಸು ಅಂದರೆ ಅಜ್ಜಿಯ ಮಡಿಕೋಲು. ಲಂಗದ ಲಾಡಿಯೇ ಹೆದೆ. ರಾವಣ ಬಂದು ಎತ್ತಲಾರದವನ ಹಾಗೆ ನರಳಿ ಹೋದ. ರಾಮ ಬಂದ. ಎತ್ತಿದ, ಬಗ್ಗಿಸಿದ, ಬೆವರಿದ. ಬಿದಿರು ಜಪ್ಪಯ್ಯ ಅನ್ನಲಿಲ್ಲ. ಮಾಲೆ ಹಿಡಿದಿದ್ದ ಸೀತೆ 'ಬೇಗ ಮುರಿಯೋ, ಸೊಳ್ಳೆ ಕಚ್ತಿದೆ' ಅಂದಳು.

ಅಷ್ಟರಲ್ಲಿ ಪರಶುರಾಮ ಮೆಟ್ಟಿಲು ಹತ್ತಿ ಬಂದುಬಿಟ್ಟ. ನೀರಿನ ತೊಟ್ಟಿಯ ಹಿಂದೆ ಅಡಗಿರು, ಕರೆದಾಗ ಬಾ ಅಂದರೆ ಕೇಳಬೇಕಲ್ಲ! ಕೈಯಲ್ಲಿ ರಟ್ಟಿನ ಕೊಡಲಿ. 'ನನ್ನ ಗುರುವಿನ ಬಿಲ್ಲು ಮುರಿದವನು ಯಾರು?' ಅಂತ ಗರ್ಜಿಸಿದ.

'ಇನ್ನೂ ಮುರಿದಿಲ್ಲ ಕಣೋ' ಅಂದ ರಾಮ, ಏದುಸಿರು ಬಿಡುತ್ತಾ.

ಪರಶುರಾಮನಿಗೆ ಗೊತ್ತಿದ್ದಿದ್ದೇ ಆ ಒಂದು ಮಾತು. ಅದೂ ಮುಗಿದುಹೋಗಿತ್ತು. ಒಂದು ಕ್ಷಣ ನಿಂತ. 'ಕೊಡಿಲ್ಲಿ' ಅಂತ ಕಿತ್ತುಕೊಂಡು, ಕೋಲನ್ನು ಮೆಟ್ಟಿಲಿಗೆ ಒರಗಿಸಿ ಎಗರಿ ತುಳಿದ. ಫಟ್!

ಕೆಳಗಿನಿಂದ ಅಜ್ಜಿಯ ದನಿ. 'ಏನ್ಲೇ ಅದು ಸದ್ದು?' ಹಿಂದೆಯೇ ಅಜ್ಜಿಯೂ ಬಂದರು. ಎರಡು ತುಂಡು ನೋಡಿದರು. 'ಯಾರ್ಲೇ ನನ್ನ ಮಡಿಕೋಲು ಮುರಿದೋನು?'

ಗರ್ಜನೆ ಅಂದರೆ ಅದು. ನಮ್ಮ ಪರಶುರಾಮ ಕೊಡಲಿ ಬಿಟ್ಟು ತೊಟ್ಟಿಯ ಹಿಂದೆ ಸೇರಿದ. ಸತ್ಯಸಂಧ ರಾಮ ಸುಮ್ನೆ ನನ್ನ ಕಡೆ ಬೆರಳು ತೋರಿಸಿದ.

'ನೀನೇನೋ?' ಅಂದರು ಅಜ್ಜಿ.

'ಉಹೂಂ' ಅಂದೆ. ಗಡ್ಡದೊಳಗಿನಿಂದ ಅದು 'ಹೂಂ' ಅಂತ ಕೇಳಿಸಿತು.