ಸ್ಟಾಕ್ ಓವರ್‌ಫ್ಲೋ ಪಾಯಿಂಟ್ ಬಗ್ಗೆ ಓಡಾಡ್ತಿರೋ ಮೆಸೇಜ್ ತಪ್ಪು

ದಾವಣಗೆರೆ ಕಾಲೇಜ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡ್ತಿದೆ, ಪ್ರೋಗ್ರಾಮಿಂಗ್ ಪ್ರಶ್ನೆ-ಉತ್ತರದ ವೆಬ್‌ಸೈಟ್ ಸ್ಟಾಕ್ ಓವರ್‌ಫ್ಲೋದಲ್ಲಿ ದಿನಾ 20 ಉತ್ತರ ಹಾಕಿದ್ರೆ ಪಾಯಿಂಟ್ ತಾನಾಗೇ ಬರುತ್ತೆ, ಆಮೇಲೆ ಅದು ದುಡ್ಡಾಗುತ್ತೆ ಅಂತ. ಹೋದ ವಾರ ನಾನೂ ನಂಬಿ ಫಾರ್ವರ್ಡ್ ಮಾಡಿದ್ದೆ, ಕ್ಷಮಿಸಿ. ಎರಡೂ ತಪ್ಪು.

ಬರೀ ಉತ್ತರ ಹಾಕಿದ್ರೆ ಸಿಗೋದು ಸೊನ್ನೆ. ಅದನ್ನ ಓದಿ ಉಪಯೋಗ ಆಯ್ತು ಅಂತ ಯಾರಾದ್ರೂ ವೋಟ್ ಹಾಕಿದ್ರೆ 10, ಪ್ರಶ್ನೆ ಕೇಳಿದವ್ರೇ ಒಪ್ಪಿಕೊಂಡ್ರೆ 15, ಉಪಯೋಗ ಇಲ್ಲ ಅಂತ ಡೌನ್‌ವೋಟ್ ಬಿದ್ರೆ 2 ಕಡಿಮೆ. ವೋಟಿಂದ ದಿನಕ್ಕೆ 200ರ ಮೇಲೆ ಬರಲ್ಲ, ಒಪ್ಪಿಗೆ, ಬೌಂಟಿ (ಒಳ್ಳೆ ಉತ್ತರಕ್ಕೆ ಬೇರೆಯವ್ರು ತಮ್ಮ ಪಾಯಿಂಟಿಂದ ಕೊಡೋ ಬಹುಮಾನ) ಪಾಯಿಂಟ್‌ಗೆ ಮಾತ್ರ ಆ ಮಿತಿ ಇಲ್ಲ. ಇದೆಲ್ಲ ಅವರ ಹೆಲ್ಪ್ ಪೇಜಲ್ಲೇ ಇದೆ. ಪಾಯಿಂಟ್ ಹೆಚ್ಚಾದ್ರೆ ಸೈಟಲ್ಲಿ ಅಧಿಕಾರ ಹೆಚ್ಚುತ್ತೆ, ಹಣ ಅಲ್ಲ.

ಆ ಸೈಟಲ್ಲಿ ಎಲ್ಲರಿಗಿಂತ ಮೊದಲು 10 ಲಕ್ಷ ಪಾಯಿಂಟ್ ದಾಟಿದ ಪ್ರೋಗ್ರಾಮರ್ ಜಾನ್ ಸ್ಕೀಟ್‌ಗೆ 2008ರಿಂದ 2018ರವರೆಗೆ ಹಿಡೀತು, ಅವರ ಹಳೇ ಉತ್ತರಗಳಿಗೆ ವರ್ಷಗಳಾದ್ಮೇಲೂ ವೋಟ್ ಬೀಳ್ತಾನೇ ಇರುತ್ತೆ, ದೊಡ್ಡ ಪಾಯಿಂಟ್ ಬೆಳೆಯೋದೇ ಹಂಗೆ.

ವಿದ್ಯಾನಗರದ ನಮ್ಮ ರೂಮಲ್ಲಿ ಜೂನಿಯರ್ ಒಬ್ಬ ರಾತ್ರಿಯೆಲ್ಲ ಕೂತು ಎಲ್ಲಿಂದಲೋ ಕಾಪಿ ಮಾಡಿ ಉತ್ತರ ಹಾಕಿದ, ಬೆಳಿಗ್ಗೆ ನೋಡಿದ್ರೆ ಕೆಲವು ಡಿಲೀಟ್, ಪಾಯಿಂಟ್ ಇನ್ನೂ 1, ಹೊಸ ಅಕೌಂಟಿಗೆ ಕೊಡೋ ಅದೇ 1. ಪರೀಕ್ಷೆ ಹತ್ರ ಇರೋ ಹುಡುಗ, ನೋಡಿ ಬೇಜಾರಾಯ್ತು.

ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ, ಈಗಾಗ್ಲೇ ಕಳಿಸಿದ್ರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.