ಡಿಸೆಂಬರ್ ಬಂತು, ಮುಟ್ಟಿದ್ರೆ ಚಟ್

ನಮ್ಮ ಮಡಿಕೇರೀಲಿ ಮಳೆಗಾಲ ಅಂದ್ರೆ ಚಪ್ಪಲಿಗೆ ಬೂಸ್ಟು, ಡಬ್ಬೀಲಿರೋ ಉಪ್ಪು ನೀರು, ಮರ ಬಿದ್ದು ಮೂರು ದಿನ ಕರೆಂಟಿಲ್ಲ. ಅದೇ ಊರಲ್ಲಿ ಡಿಸೆಂಬರ್ ಬರ್ತಿದ್ದ ಹಾಗೆ ಮೈಯಲ್ಲೇ ಕರೆಂಟು! ರಾತ್ರಿ ಲೈಟ್ ಆರಿಸಿ ಸ್ವೆಟರ್ ತಲೆ ಮೇಲಿಂದ ಎಳೆದ್ರೆ ಚಟಪಟ ಸದ್ದು, ಸಣ್ಣ ನೀಲಿ ಕಿಡಿ, ಕೂದ್ಲೆಲ್ಲಾ ನಿಂತ್ಕೊಂಡು ಥೇಟ್ ಮುಳ್ಳುಹಂದಿ.

ಎರಡು ವಸ್ತು ತಾಗಿ ಬೇರೆಯಾದಾಗ ಒಂದರ ಎಲೆಕ್ಟ್ರಾನ್ ಇನ್ನೊಂದಕ್ಕೆ ಹೋಗಿ ಕೂತ್ಕೊಳ್ಳುತ್ತೆ, ಎರಡಕ್ಕೂ ವಿದ್ಯುತ್ ಚಾರ್ಜು ಬರುತ್ತೆ, ಅಷ್ಟೇ ಕಥೆ. ಮಳೆಗಾಲದಲ್ಲೂ ಉಜ್ಜಾಟ ನಡೆದೇ ನಡೆಯುತ್ತೆ, ಆದ್ರೆ ಎಲ್ಲದರ ಮೇಲೂ ತೇವದ ಪದರ ಇರುತ್ತಲ್ಲ, ಚಾರ್ಜು ಸದ್ದಿಲ್ದೆ ಸೋರಿ ಹೋಗುತ್ತೆ. ಒಣಗಾಳೀಲಿ ಹೋಗೋಕೆ ದಾರಿ ಇಲ್ದೆ ಕಾದು ಕೂತಿದ್ದು, ನಾವು ಬೀರು ಹಿಡಿ ಮುಟ್ಟಿದ ತಕ್ಷಣ ಚಟ್. ಬೆರಳಿಗೆ ಚುರುಕ್ ಅನ್ಬೇಕಾದ್ರೆ ಸುಮಾರು 3000 ವೋಲ್ಟ್ ಬೇಕಂತೆ, ಮನೆ ಪ್ಲಗ್ಗಲ್ಲಿರೋದು ಬರೀ 230! ಆದ್ರೂ ನಾವು ಬದುಕಿರೋದು ಚಾರ್ಜು ಚೂರೇ ಚೂರು ಇರೋದ್ರಿಂದ, ಕಣ್ಣು ಮಿಟುಕಿಸೋದ್ರೊಳಗೆ ಖಾಲಿ.

ನನಗೆ ನಿಜವಾದ ತಲೆನೋವು ಅಂದ್ರೆ ಕಾಫಿಪುಡಿ. ಮಿಷನ್ನಲ್ಲಿ ಬೀಜ ಪುಡಿ ಮಾಡಿದ್ರೆ ಅದೇ ಉಜ್ಜಾಟಕ್ಕೆ ಪುಡಿಗೂ ಚಾರ್ಜು ಬಂದು, ಅರ್ಧ ಡಬ್ಬಿಗೆ, ಉಳಿದಿದ್ದು ಮುಚ್ಚಳಕ್ಕೆ, ಕೈಗೆ, ಅಮ್ಮನ ಸೀರೆಗೆ. 2023ರಲ್ಲಿ ಅಮೆರಿಕದ ಒರೆಗಾನ್ ಯೂನಿವರ್ಸಿಟಿಯ ಕ್ರಿಸ್ಟೋಫರ್ ಹೆಂಡನ್ ಅನ್ನೋರ ತಂಡ ಇದನ್ನೇ ಕೂತು ಅಳೆದಿದೆ, ತಂಡದಲ್ಲಿ ಜ್ವಾಲಾಮುಖಿ ಬೂದಿಯ ಮಿಂಚು ಓದೋರೂ ಇದ್ರು (ಇಂಥ ಕೆಲಸ ನಮಗ್ಯಾಕೆ ಸಿಗಲ್ಲ). ಕಪ್ಪಗೆ ಹುರಿದ ಬೀಜ ಜಾಸ್ತಿ ಒಣಗಿರುತ್ತೆ, ಅದಕ್ಕೆ ಚಾರ್ಜೂ ಜಾಸ್ತಿ, ಪುಡಿ ಮಾಡೋ ಮುಂಚೆ ಚೂರು ನೀರು ಚಿಮುಕಿಸಿದ್ರೆ ಅಂಟೋದು ಕಮ್ಮಿಯಾಗುತ್ತೆ ಅಂತ ಗೊತ್ತಾಯ್ತು. ನಮ್ಮನೇಲಂತೂ ಇದ್ದಿಲಾಗೋ ತನಕ ಹುರಿಯೋದೇ ಪದ್ಧತಿ.

ನಾನು ಬೀಜಕ್ಕೆ ನಾಲ್ಕು ಹನಿ ನೀರು ಚಿಮುಕಿಸಿದ್ದು ನೋಡಿ ಅಮ್ಮ ಹೌಹಾರಿಬಿಟ್ರು. "ಕಣದಲ್ಲಿ ದಿನಾ ಕೈಯಾಡ್ಸಿ ಒಣಗಿಸಿದ್ದು ನೀನು ಮತ್ತೆ ನೆನೆಸ್ಲಿ ಅಂತಾನಾ?" ವರ್ಷದಲ್ಲಿ ಅರ್ಧ ತೇವದ ಜೊತೆ ಗುದ್ದಾಡೋರು, ಸಿಟ್ಟು ಬರದೆ ಇನ್ನೇನು. ಪುಡಿ ಮಾತ್ರ ಮರಳಿನ ಹಾಗೆ ಸೀದಾ ಡಬ್ಬಿಗೆ ಬಿತ್ತು, ಅಮ್ಮ ನೋಡಿದ್ರು, ಮಾತಾಡ್ಲಿಲ್ಲ, ಬೆಲ್ಲದ ಕಾಫಿ ಇಳಿಸಿ ಕೊಟ್ಟು ಒಳಗೆ ಹೋದ್ರು.

ಈಗ ಮಿಷನ್ ಪಕ್ಕ ಒಂದು ಲೋಟದಲ್ಲಿ ನೀರು, ಮೇಲೊಂದು ಚಮಚ ಇರುತ್ತೆ. ಯಾರಿಟ್ರು ಅಂತ ನಾನೂ ಕೇಳಿಲ್ಲ.